ದ್ರಾಕ್ಷಿಯ ಮೀಟರು, ಸಮುದ್ರದ ನೀರು

ಯಾವ ಹವಳ ಮೊದಲು ಮುಚ್ಚಿಕೊಂಡಿತೋ ಹೇಳಲಾರೆ. ಹಸಿರು ಬಣ್ಣದ್ದು ಎಂದು ಬರೆದು ಹೊಡೆದುಹಾಕಿದೆ. ಖಾತ್ರಿ ಇರುವುದು ಇಷ್ಟೇ: ವಿಜಯಪುರದ ನಮ್ಮ ಮನೆಯ ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿತ್ತು, ಅದರಲ್ಲಿ ಜೀವಂತ ಹವಳಗಳಿದ್ದವು, ಅವನ್ನು ಸಾವಿನ ಬಾಯಿಗೆ ತಳ್ಳಿದ್ದು ನಾನು.

ಘೋಣಸಗಿಯಲ್ಲಿ ಅಣ್ಣನದು ದ್ರಾಕ್ಷಿ ತೋಟ. ಹಣ್ಣಿನ ಸಿಹಿ ಅಳೆಯಲು ಅವನ ಹತ್ತಿರ ಒಂದು ಮೀಟರ್ ಇದೆ. ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಒಳಗೆ ಅಂಕಿ ಕಾಣುತ್ತದೆ. ಉಪ್ಪಿನ ಮೀಟರೂ ನೋಡಲು ಹಾಗೆಯೇ ಇರುತ್ತದೆ. ಸಾಲದೇ ಎಂದು ಅದನ್ನೇ ಎತ್ತಿಕೊಂಡು ಬಂದೆ. ತೊಟ್ಟಿಯ ನೀರಿಗೆ ಅದು ನಾಲ್ಕೂವರೆಯ ಹತ್ತಿರ ತೋರಿಸಿತು. ಸಮುದ್ರದಲ್ಲಿ ನೂರಕ್ಕೆ ಮೂರೂವರೆ ಉಪ್ಪು ಎಂದು ಓದಿದ್ದೆ. ಒಂದೇ ಮಧ್ಯಾಹ್ನ ಉಪ್ಪುನೀರು ತೆಗೆದು, ಫಿಲ್ಟರ್ ನೀರು ಸುರಿದು, ಮೂರೂವರೆಗೆ ಇಳಿಸಿದೆ. ಸಕ್ಕರೆಯ ಅಂಕಿಯನ್ನು ಉಪ್ಪಿನದೆಂದು ಓದಿದ್ದೆ.

ಮರುದಿನ ಹವಳಗಳೆಲ್ಲ ಮುದುಡಿದ್ದವು. ಬಾಟಲಿಯಲ್ಲಿ ಒಯ್ದ ತೊಟ್ಟಿಯ ನೀರನ್ನು ಗಾಂಧಿ ಚೌಕದ ಹತ್ತಿರದ ಮೀನಿನ ಅಂಗಡಿಯವರು ಉಪ್ಪಿನ ಮೀಟರಿನಲ್ಲಿ ನೋಡಿದರು: ಸಾವಿರಕ್ಕೆ ಇಪ್ಪತ್ತೆಂಟು. ಬೇಕಾದದ್ದು ಮೂವತ್ತೈದು. ದಿನಕ್ಕೆ ಒಂದಕ್ಕಿಂತ ಹೆಚ್ಚು ಏರಿಸಬೇಡಿ, ತೊಟ್ಟಿಗೆ ನೇರವಾಗಿ ಉಪ್ಪು ಹಾಕಲೇಬೇಡಿ ಎಂದು ಹೇಳಿ ಮೀಟರನ್ನು ನನಗೇ ಕೊಟ್ಟು ಕಳಿಸಿದರು.

ಅಣ್ಣನಿಗೆ ಇದು ತಿಳಿಯಲಿಲ್ಲ.

"ಸಾರಿಗಿ ಉಪ್ಪು ಕಡಿಮಿ ಬಿದ್ರ ವಾರಗಟ್ಲೆ ಕುಂದರ್ತಿ ಏನ್ಬೇ? ಒಂದ್ ಹಿಡಿ ಒಗಿ."

"ಸಾರಿಗಿ ಜೀವ ಇರಂಗಿಲ್ಲಣ್ಣಾ. ಇವಕ್ಕ ಇನ್ನೂ ಐತಿ."

"ನೀ ಮಾಡಿದ ಸಾರಿಗಂತೂ ಇರಂಗಿಲ್ಲ ಬಿಡು."

ನಮ್ಮ ಬಿಸಿಲಿಗೆ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರ್ ಆರುತ್ತಿತ್ತು. ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆರಿದಷ್ಟೇ ತುಂಬುವುದು, ಆದರೆ ಉಪ್ಪುನೀರು; ಅದೂ ಹಿಂದಿನ ದಿನವೇ ಬಕೆಟ್ಟಿನಲ್ಲಿ ಕಲಸಿ, ಸಣ್ಣ ಮೋಟರ್ ಇಟ್ಟು ತಿರುಗಿಸಿ, ಅಳೆದದ್ದು. ಏಳು ದಿನದಲ್ಲಿ ಏಳು ಅಂಕಿ ಏರಿಸಿದೆ ಎಂದರೆ ಓದಲು ಚೆಂದ. ಹಾಗಾಗಲಿಲ್ಲ. ಒಂದು ದಿನ ಅಂಕಿ ಜಿಗಿದಂತೆ ಕಂಡು ಕೈ ತಡೆದೆ. ಇನ್ನೊಂದು ದಿನ ಏಕೆ ನಿಲ್ಲಿಸಿದೆನೋ ನೆನಪಿಲ್ಲ. ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಂದದ್ದು ಮಾತ್ರ ನಿಜ. ಬಕೆಟ್ಟಿಗೆ ಬೇಕಾದಾಗಲೆಲ್ಲ ಕೇಳಿ ತರಬೇಕಿತ್ತು. ಹೋಗಿ ಬರುವುದರೊಳಗೆ ಅವಸರ ಇಳಿಯುತ್ತಿತ್ತು.

ಮೂವತ್ತೈದು ಮುಟ್ಟಿದ ಬೆಳಿಗ್ಗೆ ಒಂದು ಹವಳ ಸತ್ತು ಬೆಳ್ಳಗಾಗಿತ್ತು. ತೆಗೆದುಬಿಟ್ಟೆ. ಇನ್ನೊಂದರ ಅಂಚಿನಲ್ಲಿ ನಾಲ್ಕೈದು ಬಾಯಿಗಳು ತೆರೆದಿದ್ದವು. ಎಣಿಸಿದೆ, ಮತ್ತೆ ಎಣಿಸಿದೆ, ಲೆಕ್ಕ ಕೂಡಲಿಲ್ಲ. ಅಂದು ಆರಿದ ಮೂರು ಲೀಟರಿಗೆ ಉಪ್ಪಿಲ್ಲದ ನೀರನ್ನೇ, ಲೋಟ ಲೋಟವಾಗಿ, ಸುರಿದೆ.