ಉಪ್ಪು ತೊಳೆದು ಹೋಗುವವರೆಗೆ

ಬೇ ಸಿಟಿಯ ದಕ್ಷಿಣದ ಬೀದಿಗಳಲ್ಲಿ ಏಪ್ರಿಲ್‌ನ ಎರಡು ದೊಡ್ಡ ಮಳೆ ಬೀಳುವ ಮೊದಲು ಯಾರೂ ಹಳೆಯ ಕಾರನ್ನು ಹೊರಗೆ ತೆಗೆಯುವುದಿಲ್ಲ. ಹಿಮ ಕರಗಲೆಂದು ನಗರಸಭೆಯ ಲಾರಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತದೆ. ಉಪ್ಪು ತಗುಲಿದ ತಗಡು ತುಕ್ಕು ಹಿಡಿಯುತ್ತದೆ. ಮೊದಲ ಮಳೆ ಅದನ್ನು ಕರಗಿಸುತ್ತದೆ, ಎರಡನೆಯದು ತೊಳೆದು ನದಿಗೆ ಒಯ್ಯುತ್ತದೆ ಎಂಬುದು ಅಲ್ಲಿನ ಗಂಡಸರ ನಂಬಿಕೆ. ಒಂದೇ ಮಳೆಗೆ ಹೊರಟವನನ್ನು ಬೇಸಿಗೆ ಮುಗಿಯುವವರೆಗೂ ಆಡಿಕೊಳ್ಳುತ್ತಾರೆ. ಫ್ಲೋರಿಯನ್ ಕುಜಾವಾ ಅಂಥ ಮಾತು ಕೇಳಿಸಿಕೊಂಡವನಲ್ಲ.

ಅವನದು 1964ರ ಪಾಂಟಿಯಾಕ್ ಕಾರು. ಕಡುನೀಲಿ ಮೈ, ಬಿಳಿ ಛಾವಣಿ, ಮುಂದೆ ಮೂವರು ಆರಾಮಾಗಿ ಕೂರಬಹುದಾದ ಒಂದೇ ಉದ್ದನೆಯ ಸೀಟು. ಅದನ್ನು ಕೊಂಡಾಗ ಅವನಿಗೆ ಇಪ್ಪತ್ತರ ಹರೆಯ. ಎಂಜಿನ್ ಭಾಗಗಳ ಕಾರ್ಖಾನೆಗೆ ಸೇರಿ ಎರಡು ವರ್ಷವಾಗಿತ್ತು. ಅವನ ಅಪ್ಪ ಎರಕದ ಮನೆಯಲ್ಲಿ ದುಡಿದವನು, ಜೀವನಪೂರ್ತಿ ಬಸ್ಸಿನಲ್ಲೇ ಓಡಾಡಿದವನು. ಮಗ ಕಾರು ತಂದು ಮನೆ ಮುಂದೆ ನಿಲ್ಲಿಸಿದ ದಿನ ಹೊರಗೆ ಬಂದು, ಜ್ವರ ನೋಡುವವನಂತೆ ಬಾನೆಟ್ಟಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು, ಒಳಗೆ ಹೋದ.

ಆಗ ಊರಿಗೆ ಊರೇ ಕಾರಿನ ಹುಚ್ಚಿನಲ್ಲಿತ್ತು. ಹೊಸ ಮಾದರಿಗಳು ಬರುವ ಸೆಪ್ಟೆಂಬರ್‌ನಲ್ಲಿ ಶೋರೂಮಿನ ಗಾಜಿಗೆಲ್ಲ ಒಳಗಿನಿಂದ ಕಾಗದ ಅಂಟಿಸುತ್ತಿದ್ದರು. ಆ ಕಾಗದದ ಸಂದಿಗೆ ಕಣ್ಣಿಡಲು ಮಕ್ಕಳ ಜೊತೆ ದೊಡ್ಡವರೂ ಕಿತ್ತಾಡುತ್ತಿದ್ದರು. ಶನಿವಾರ ಸಂಜೆ ಹುಡುಗರೆಲ್ಲ ನದಿಯ ಸೇತುವೆಯವರೆಗೆ ಹೋಗುವುದು, ತಿರುಗಿ ಬರುವುದು, ಮತ್ತೆ ಹೋಗುವುದು. ಯಾರಿಗೂ ಎಲ್ಲಿಗೂ ತಲುಪಬೇಕಿರಲಿಲ್ಲ.

ಬರ್ನಡೀನ್ ಸಿಕ್ಕಿದ್ದು ಆ ದಾರಿಯಲ್ಲೇ. ಕಾರಿನಲ್ಲಿ ಕೂತವರಿಗೆ ಅಲ್ಲಿಗೇ ತಿಂಡಿ ತಂದುಕೊಡುವ ಅಂಗಡಿಯೊಂದರಲ್ಲಿ ಅವಳು ಕೆಲಸಕ್ಕಿದ್ದಳು. ತಟ್ಟೆಯನ್ನು ಕಿಟಕಿಗೆ ಸಿಕ್ಕಿಸುವಾಗ ಗಾಜಿಗೆ ಗೀರು ಬಿತ್ತು. ಫ್ಲೋರಿಯನ್ ರೇಗಿದ. "ಗಾಜು ತಾನೇ, ನಿನ್ನ ಹಲ್ಲಲ್ವಲ್ಲ," ಎಂದಳು. ಮುಂದಿನ ಶನಿವಾರ ಅವಳು ಆ ಉದ್ದನೆಯ ಸೀಟಿನಲ್ಲಿ ಕೂತಿದ್ದಳು. ಕಿಟಕಿಯ ಪಕ್ಕ ಅಲ್ಲ, ನಡುವೆ, ಅವನ ಭುಜಕ್ಕೆ ತಾಗಿಕೊಂಡು. ಮದುವೆಯಾಗಿ ಎಷ್ಟೋ ವರ್ಷ ಕಳೆದ ಮೇಲೂ, ಮೊಣಕಾಲು ನೋವು ಶುರುವಾದ ಮೇಲೂ, ಅವಳ ಜಾಗ ಬದಲಾಗಲಿಲ್ಲ. ಮಕ್ಕಳಾಗಲಿಲ್ಲ.

ಕಾರ್ಖಾನೆ ಮುಚ್ಚಿತು, ಆಮೇಲೆ ಕೆಡವಿದರು. ಈಗ ಅಲ್ಲಿ ಬೇಲಿ ಇದೆ, ಹುಲ್ಲಿದೆ. ಶನಿವಾರದ ಗೆಳೆಯರು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ಕಾರುಗಳನ್ನು ದಕ್ಷಿಣದ ರಾಜ್ಯಗಳಿಂದ ಬಂದವರು ಕೊಂಡು ಟ್ರೇಲರಿಗೆ ಏರಿಸಿಕೊಂಡು ಹೋದರು. ಹಾಗೆ ಹೋಗುವ ಪ್ರತಿ ಕಾರಿನ ಹಿಂದೆಯೂ ಫ್ಲೋರಿಯನ್ ರಸ್ತೆಯ ತಿರುವಿನವರೆಗೆ ನಡೆದು ಹೋಗಿ ಬರುತ್ತಿದ್ದ. ದಿನದ ಓಡಾಟಕ್ಕೆ ಅವನೂ ಬೂದಿ ಬಣ್ಣದ ಸಣ್ಣ ಕಾರೊಂದನ್ನು ಕೊಂಡಿದ್ದ. ದಿನಸಿ ಅಂಗಡಿಯ ಮುಂದೆ ಅಂಥವೇ ಕಾರುಗಳ ನಡುವೆ ಅದರ ಗುರುತೇ ಸಿಗುತ್ತಿರಲಿಲ್ಲ. ಕೀಲಿಯ ಗುಂಡಿ ಒತ್ತಿ, ಯಾವುದು ಕೂಗುತ್ತದೋ ಅದು ತನ್ನದು ಎಂದುಕೊಂಡು ಹತ್ತುತ್ತಿದ್ದ.

ಅವನಿಗೆ ಎಪ್ಪತ್ತು ದಾಟಿದ ಮೇಲಿನ ಒಂದು ಅಕ್ಟೋಬರ್‌ನಲ್ಲಿ, ಚಳಿಗಾಲಕ್ಕೆಂದು ಎಂದಿನಂತೆ ಪಾಂಟಿಯಾಕನ್ನು ಮರದ ದಿಮ್ಮಿಗಳ ಮೇಲೆ ಏರಿಸಿದ, ಬ್ಯಾಟರಿ ಬಿಚ್ಚಿದ, ಹೊದಿಕೆ ಹೊದಿಸಿದ. ನವೆಂಬರ್‌ನಲ್ಲಿ ಬರ್ನಡೀನ್‌ಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಔಷಧಿಯ ಹಿಂಸೆ ಬೇಡ ಎಂದಳು. ರಸ್ತೆ ಕಾಣಲೆಂದು ಅವಳ ಮಂಚವನ್ನು ಮುಂದಿನ ಕೋಣೆಗೆ ತಂದರು.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ ಶುರುವಾಗುವ ಮುನ್ನಾದಿನ, ಮಂಗಳವಾರ, ಆ ಬೀದಿಗಳ ಪೋಲಿಷ್ ಮನೆಗಳವರೆಲ್ಲ ಬೇಕರಿಯ ಮುಂದೆ ಸಾಲು ನಿಂತು, ಹಣ್ಣಿನ ಹೂರಣ ತುಂಬಿ ಕರಿದ ಪೂಂಚ್ಕಿ ತರುತ್ತಾರೆ. ಫ್ಲೋರಿಯನ್ ಕೂಡ ತಂದ. ಅವಳು ಒಂದು ಚೂರು ಕಚ್ಚಿ ಕೆಳಗಿಟ್ಟಳು.

"ಫ್ಲೋ, ನಮ್ಮ ಗಾಡೀಲಿ ಒಂದ್ಸಲ ಸೇತುವೆ ತನಕ ಕರ್ಕೊಂಡು ಹೋಗು."

"ಈಗ್ಲಾ? ರಸ್ತೆ ತುಂಬ ಉಪ್ಪು ಕಣೇ. ಬೂದಿ ಬಣ್ಣದ್ರಲ್ಲಿ ಹೋಗೋಣ. ಅದ್ರ ಸೀಟು ಬೆಚ್ಚಗೂ ಇರತ್ತೆ."

"ಅದ್ರಲ್ಲಿ ಆಸ್ಪತ್ರೆಗೆ ಹೋಗ್ತೀವಿ."

"ಎರಡು ಮಳೆ ಬೀಳ್ಲಿ. ಆಮೇಲೆ ದಿನಾ ಹೋಗೋಣ."

ಬರ್ನಡೀನ್ ಬೆರಳಿಗೆ ಹತ್ತಿದ ಸಕ್ಕರೆಯನ್ನು ಒರೆಸಿಕೊಂಡಳು. "ಆಯ್ತಪ್ಪ. ಪಾಪ, ಅದಕ್ಕೆ ನೆಗಡಿ ಆಗ್ಬಾರ್ದು."

ಫ್ಲೋರಿಯನ್ ನಕ್ಕ. ಅವಳು ಮತ್ತೆ ಕೇಳಲಿಲ್ಲ. ಅವಳ ಮಾತಿಗೆ ಇಲ್ಲ ಅಂದೆ ಎಂದು ಅವನಿಗೆ ಆಗ ಅನ್ನಿಸಿರಲೂ ಇಲ್ಲ. ಮಳೆಗೆ ಕಾಯುವುದು ಅವನಿಗೆ ಬೆಳಗಾಗಲು ಕಾಯುವಷ್ಟೇ ಸಹಜವಾಗಿತ್ತು. ಆ ಸಲ ಎರಡನೆಯ ಮಳೆ ಬಿದ್ದದ್ದು ಈಸ್ಟರ್ ಕಳೆದ ಮೇಲೆ. ಅಷ್ಟು ಹೊತ್ತಿಗೆ ಬರ್ನಡೀನ್ ಬದುಕಿರಲಿಲ್ಲ.

ಅದಕ್ಕೂ ಮುಂಚೆ, ಮಾರ್ಚ್ ನಡುವೆ ಒಂದು ಬೆಳಿಗ್ಗೆ, ಮನೆಗೆ ಬಂದು ನೋಡಿಕೊಳ್ಳುತ್ತಿದ್ದ ನರ್ಸ್ ವಿಲ್ಮಾ ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದಳು: "ಏಪ್ರಿಲ್‌ಗೆ ಅಂತ ಏನೂ ಇಟ್ಕೋಬೇಡಿ ಕುಜಾವಾ ಅವರೇ. ಹೇಳೋದು, ಮಾಡೋದು ಏನಿದ್ರೂ ಈಗ್ಲೇ ಮುಗಿಸ್ಕೊಳ್ಳಿ."

ಫ್ಲೋರಿಯನ್ ಕೋಟನ್ನೂ ಹಾಕಿಕೊಳ್ಳದೆ ಗ್ಯಾರೇಜಿಗೆ ಹೋಗಿ ಹೊದಿಕೆ ತೆಗೆದ. ಎದುರು ಮನೆಯ ಎಲ್ಡನ್, ಅವನ ಜೊತೆ ಕಾರ್ಖಾನೆಯಲ್ಲಿದ್ದವನು, ಸದ್ದು ಕೇಳಿ ಬಂದ.

"ಮಾರ್ಚಲ್ಲಾ? ತಲೆ ಕೆಟ್ಟಿದ್ಯೇನೋ? ಅಡಿಭಾಗ ಜರಡಿ ಆಗತ್ತೆ ಮಾರಾಯ."

"ಆಗ್ಲಿ."

ಎಲ್ಡನ್ ಅವನ ಮುಖ ನೋಡಿದ. ಮನೆಗೆ ಹೋಗಿ ತನ್ನ ಜಾಕ್ ತಂದ.

ಬ್ಯಾಟರಿ ಸಿಕ್ಕಿಸಿ, ಪೆಟ್ರೋಲ್ ಹಾಕಿ, ಅಂದೇ ಹೊರಡಬಹುದಿತ್ತು. ಆದರೆ ಫ್ಲೋರಿಯನ್‌ಗೆ ಆ ಕೆಲಸ ಗೊತ್ತಿದ್ದದ್ದು ಒಂದೇ ರೀತಿಯಲ್ಲಿ. ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಿದ. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದಾಗಿ ಉಜ್ಜಿದ. ಚಕ್ರಗಳನ್ನು ತೆಗೆದು ಬ್ರೇಕ್ ನೋಡಿದ, ಗ್ರೀಸ್ ಹಚ್ಚಿದ. ಸೇತುವೆ ತನಕ ಹೋಗಲು ಇಷ್ಟೆಲ್ಲ ಯಾಕೆ, ಇದೇನು ಮೆರವಣಿಗೆಯೇ ಎಂದು ಎಲ್ಡನ್ ಗೊಣಗಿದ. ಅವಳು ಕೂರುವ ಗಾಡಿ, ಅರ್ಧಂಬರ್ಧ ಮಾಡುವುದಿಲ್ಲ ಎಂದ ಫ್ಲೋರಿಯನ್. ಕತ್ತಲಾಯಿತು. ಮರುದಿನ ಕಾರ್ಬ್ಯುರೇಟರ್ ಬಿಚ್ಚಿದ. ಆ ದಿನವೂ ಹೋಯಿತು. ಅದರ ಮರುದಿನ ಮೈಗೆ ಮೇಣ ಹಚ್ಚಿ, ಬಂಪರಿನಲ್ಲಿ ತನ್ನ ಮುಖ ಕಾಣುವವರೆಗೆ ತಿಕ್ಕಿದ. ನಡುವೆ ಕೈ ತೊಳೆಯಲು ಒಳಗೆ ಬಂದಾಗಲೆಲ್ಲ ಅವಳು ನಿದ್ದೆಯಲ್ಲಿರುತ್ತಿದ್ದಳು. ಎಬ್ಬಿಸುವುದು ಬೇಡ, ಎಲ್ಲ ಸಿದ್ಧವಾದ ಮೇಲೆ ಹೇಳೋಣ ಎಂದುಕೊಂಡು ವಾಪಸು ಹೋಗುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಎಂಜಿನ್ ಸ್ಟಾರ್ಟ್ ಆಯಿತು. ಫ್ಲೋರಿಯನ್ ಗಾಡಿಯನ್ನು ಹಿಂದಕ್ಕೆ ಬಿಟ್ಟು ಮನೆಯ ಪಕ್ಕಕ್ಕೆ ತಂದ. ಟೈರಿನ ಕೆಳಗೆ ಉಪ್ಪು ಕರಕರ ಅಂದಿತು. ಒಳಗೆ ಬೆಚ್ಚಗಾಗಲಿ ಎಂದು ಎಂಜಿನ್ ಆರಿಸದೆ, ಅವಳ ಕೋಟು ಹಿಡಿದು ಕೋಣೆಗೆ ಬಂದ.

ಮಂಚದ ಪಕ್ಕದಲ್ಲಿದ್ದ ವಿಲ್ಮಾ ತಲೆಯಾಡಿಸಿದಳು. "ಆಗಲ್ಲ. ಬೆಳಿಗ್ಗೆಯಿಂದ ನೋವು ತುಂಬ ಜಾಸ್ತಿ. ಮಗ್ಗುಲು ಬದಲಾಯ್ಸಿದ್ರೂ ಕಿರುಚ್ತಿದ್ದಾರೆ."

"ನಿನ್ನೆ?"

"ನಿನ್ನೆ ಸ್ವಲ್ಪ ಹೊತ್ತು ಕೂತಿದ್ರು."

ಫ್ಲೋರಿಯನ್ ಕೋಟು ಹಿಡಿದುಕೊಂಡೇ ನಿಂತ. ಆಮೇಲೆ ಕಿಟಕಿಯ ಬಳಿ ಹೋಗಿ ಗಾಜನ್ನು ಒಂದು ಗೇಣು ಮೇಲೆತ್ತಿದ. ಎಂಜಿನ್ನಿನ ಸದ್ದು ಒಳಗೆ ಬಂತು. ತಗ್ಗಿದ ದನಿ, ಎಲ್ಲೂ ತಡವರಿಸುತ್ತಿರಲಿಲ್ಲ. ಕಾರ್ಖಾನೆಯ ದಿನಗಳಲ್ಲಿ ಅವಳು ಇದೇ ಸದ್ದನ್ನು ಎರಡು ಬೀದಿ ಆಚೆಯಿಂದ ಗುರುತಿಸಿ ಒಲೆಯ ಮೇಲೆ ಸಾರು ಇಡುತ್ತಿದ್ದಳು.

ಬರ್ನಡೀನ್ ಕಣ್ಣು ತೆರೆದಳು.

"ಎಲ್ಡನ್ ಗಾಡಿನಾ ಅದು?"

ಫ್ಲೋರಿಯನ್ ಅವಳ ಕೋಟನ್ನು ಮಂಚದ ಕೊನೆಗಿಟ್ಟ.

"ಆರಿಸೋಕೆ ಹೇಳು, ಫ್ಲೋ. ಹೊಗೆ ಒಳಗೆ ಬರ್ತಿದೆ. ಹೊಟ್ಟೆ ತೊಳೆಸ್ತಿದೆ."

"ಹೇಳ್ತೀನಿ."

ಕಿಟಕಿ ಮುಚ್ಚಿ ಹೊರಗೆ ಬಂದ. ಎಲ್ಡನ್ ಕಾರಿನ ಬಾಗಿಲು ತೆರೆದು, ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಫ್ಲೋರಿಯನ್ ಒಳಗೆ ಬಗ್ಗಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

"ತಳ್ಳೋಣ," ಎಂದ.

"ಸ್ಟಾರ್ಟ್ ಮಾಡ್ಕೊಂಡೇ ಒಳಗೆ ಬಿಡ್ಬಾರ್ದೇನೋ?"

"ಹೊಗೆ ಆಗತ್ತೆ."

ಎಪ್ಪತ್ತು ದಾಟಿದ ಇಬ್ಬರು ಹಿಂದಿನ ಬಂಪರಿಗೆ ಕೈ ಕೊಟ್ಟು ಆ ಭಾರದ ಗಾಡಿಯನ್ನು ತಳ್ಳಿದರು. ಕೆಸರಾದ ಹಿಮದಲ್ಲಿ ಬೂಟು ಜಾರುತ್ತಿತ್ತು. ನಡುನಡುವೆ ಚಕ್ರಕ್ಕೆ ಮರದ ತುಂಡು ಕೊಟ್ಟು ಸುಧಾರಿಸಿಕೊಳ್ಳಬೇಕಾಯಿತು. ಎಲ್ಡನ್ ಏದುಸಿರು ಬಿಡುತ್ತಿದ್ದ. ಗಾಡಿ ಗ್ಯಾರೇಜು ಸೇರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಫ್ಲೋರಿಯನ್ ಚಕ್ರಗಳನ್ನು ಒರೆಸದೆ ಹಾಗೇ ಬಾಗಿಲೆಳೆದ.

ಅಡುಗೆಮನೆಯಲ್ಲಿ ಪೆಟ್ರೋಲಿನ ವಾಸನೆ ಹೋಗುವವರೆಗೆ ಕೈಗೆ ಸೋಪು ಹಾಕಿ ತೊಳೆದ. ಅಂಗಿ ಬದಲಾಯಿಸಿದ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಅವಳಿಗೆ ಎಚ್ಚರವಿದೆಯೋ ಇಲ್ಲವೋ ತಿಳಿಯಲಿಲ್ಲ.

"ಹೋಯ್ತಾ ಅದು?" ಎಂದಳು, ಕಣ್ಣು ಮುಚ್ಚಿಕೊಂಡೇ.

"ಹೋಯ್ತು," ಎಂದ ಫ್ಲೋರಿಯನ್.