ಗೋಡೆಯ ಮೇಲಿನ ಹಡಗು

ನಮ್ಮ ಡ್ರಾಯಿಂಗ್ ಸರ್ ಊಟಕ್ಕೆ ಕೂತಾಗಲೂ ಅವರ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದು. "ಅನ್ನದಾಗ ಸಮುದ್ರ ಕಲಸಬ್ಯಾಡ್ರಿ" ಎಂದು ಅವರ ಹೆಂಡತಿ ಗದರುತ್ತಿದ್ದರು. ಸರ್ ನಗುತ್ತಲೇ ತುತ್ತು ನುಂಗುತ್ತಿದ್ದರು.

ಧಾರವಾಡದ ಕಡೆಯವರು. ಮರಾಠಿ ಸೀಮೆಗೆ ಬಂದು, ನಿಗಡಿಯ ಶಾಲೆಯೊಂದರಲ್ಲಿ ಮಕ್ಕಳಿಂದ ಬಾಳೆಹಣ್ಣು, ಹೂದಾನಿ ಬರೆಸುತ್ತಲೇ ತಲೆ ಬೆಳ್ಳಗಾಗಿತ್ತು. ನಾನು ಅವರ ಶಿಷ್ಯೆ, ಪಕ್ಕದ ಮನೆಯವಳು ಬೇರೆ. ಅವರಿಗಿದ್ದದ್ದು ಒಂದೇ ಹುಚ್ಚು, ಕಡಲ್ಗಳ್ಳರದ್ದು. ಒಡೆಯರ ಚಾಟಿಯೇಟು ತಾಳದೆ ಹಡಗನ್ನೇ ಕಸಿದುಕೊಂಡ ಖಲಾಸಿಗಳು ಆಫ್ರಿಕಾದ ಪಕ್ಕದ ದ್ವೀಪದಲ್ಲಿ ತಮ್ಮದೇ ಊರು ಕಟ್ಟಿದ್ದರಂತೆ. ಅಲ್ಲಿ ಎಲ್ಲರಿಗೂ ಸಮಪಾಲು. ಕಪ್ತಾನನನ್ನು ಕೈ ಎತ್ತಿ ಆರಿಸುವುದು, ಸೊಕ್ಕು ಬಂದರೆ ಕೈ ಎತ್ತಿಯೇ ಇಳಿಸುವುದು. ಆ ಊರು ನಿಜವಾಗಿ ಇತ್ತೋ, ಯಾರೋ ಹೆಣೆದ ಕತೆಯೋ, ಸರ್‌ಗೂ ಗೊತ್ತಿರಲಿಲ್ಲ.

"ಕಳ್ಳರ ಕತಿ ನಮಗ್ಯಾಕ್ರಿ ಸರ್?" ಎಂದರೆ, "ಹೌದು ತಂಗಿ, ಕಳ್ಳರ. ಕಳ್ಳರಿಗೆ ತಿಳದದ್ದು ನಮಗ ಯಾಕ ತಿಳೀವಲ್ದು?" ಎನ್ನುತ್ತಿದ್ದರು.

ಪವನಾ ನದಿ ದಂಡೆಯ ವಸ್ತಿಗೆ, ಅಂದರೆ ಬಡವರ ಕೇರಿಗೆ, ತೆರವಿನ ನೋಟೀಸು ಬಂದಾಗ ಸರ್ ರಿಟೈರ್ ಆಗಿದ್ದರು. ಬಣ್ಣದ ಡಬ್ಬಿ ಹೊತ್ತು ಅಲ್ಲಿಗೆ ನಡೆದೇಬಿಟ್ಟರು, ಹಿಂದೆ ನಾನೂ ಹೋದೆ. ನದಿಗೆ ಬೆನ್ನು ಮಾಡಿ ನಿಂತ ಮನೆಗಳ ಹಿಂಗೋಡೆಗಳನ್ನೆಲ್ಲ ಸೇರಿಸಿ ಒಂದೇ ಉದ್ದನೆಯ ಹಡಗು ಬರೆಯುವುದು, ಇಲ್ಲಿ ಮನುಷ್ಯರಿದ್ದಾರೆಂದು ಊರಿಗೆ ಕಾಣಿಸುವುದು, ಮನೆ ಉಳಿಸಿಕೊಳ್ಳುವುದು ಅವರ ಆಸೆ. ನಿಯಮವೆಲ್ಲ ಕಡಲ್ಗಳ್ಳರದ್ದೇ. ಪ್ರತಿ ಮನೆಯವರು ತಮ್ಮ ಗೋಡೆಯ ಮೇಲೆ ತಮ್ಮ ಮುಖ ತಾವೇ ಬರೆಯಬೇಕು. ದಿನವೂ ಕೆಲಸಕ್ಕೆ ಮೊದಲು ಕಪ್ತಾನರ ಆಯ್ಕೆ. ಹೆಚ್ಚಾಗಿ ಗೆಲ್ಲುತ್ತಿದ್ದವಳು ಸೊಪ್ಪು ಮಾರುವ ಮಾವಶಿ, ವಸ್ತಿಗೆಲ್ಲ ಚಿಕ್ಕಮ್ಮ. ಸರ್ ಬರೆದ ಹಾಯಿಯೇ ಸೊಟ್ಟಗಿದೆ ಎಂದು ಅವಳು ಅಳಿಸಲು ಹೇಳಿದಳು. ಸರ್ ಗೊಣಗಿದರು, ಆದರೂ ಅಳಿಸಿದರು.

ಹಡಗು ಎಷ್ಟು ಚೆಂದ ಬಂತೆಂದರೆ ಆಚೆ ದಂಡೆಯಲ್ಲಿ ಫೋಟೋ ತೆಗೆಯುವವರ ನೂಕುನುಗ್ಗಲು. ಪೇಪರಿನಲ್ಲೂ ಬಂತು. ಗೆದ್ದೆವೆಂದೇ ನಾವು ಪೇಢೆ ಹಂಚಿದೆವು. ಆಮೇಲೆ ಪಾಲಿಕೆಯ ಸಾಹೇಬರೊಬ್ಬರು ಬಂದು ನಗುನಗುತ್ತ ಹೇಳಿದರು: ಮನೆಗಳನ್ನು ಕೆಡವುತ್ತೇವೆ, ಚಿತ್ರದ ಗೋಡೆ ಮಾತ್ರ ಉಳಿಸುತ್ತೇವೆ. ಇಲ್ಲಿ ಬರುವ ವಾಕಿಂಗ್ ಟ್ರ್ಯಾಕಿಗೆ ಅದು ಶೋಭೆ. ಸರ್ ಹೆಸರಿನ ಕಲ್ಲನ್ನೂ ಹಾಕಿಸುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು.

ಸಂಜೆ ವಸ್ತಿಯವರೆಲ್ಲ ಸೇರಿದರು. ಸರ್ ಕೈಮುಗಿದು ಬೇಡಿಕೊಂಡರು. ಮನೆ ಹೇಗೂ ಉಳಿಯುವುದಿಲ್ಲ, ನೀವಿದ್ದಿರಿ ಎನ್ನಲು ಚಿತ್ರವಾದರೂ ಇರಲಿ ಎಂದರು. ಜೀವಮಾನವೆಲ್ಲ ಹೂದಾನಿ ಬರೆಸಿದವರಿಗೆ ಇದ್ದದ್ದು ಅದೊಂದೇ ಚಿತ್ರ. ಮಾವಶಿ ಎದ್ದು, "ಆಮ್ಹೀ ನಾಹಿ, ತರ್ ಭಿಂತ್ ಕಶಾಲಾ?" ಎಂದಳು. ನಾವೇ ಇಲ್ಲದ ಮೇಲೆ ಗೋಡೆ ಯಾಕೆ? ಗೋಡೆಯನ್ನು ನಾವೇ ಒಡೆಯೋಣ ಎಂಬ ಅವಳ ಮಾತಿಗೆ ಕೈಗಳೆಲ್ಲ ಎದ್ದವು. ಸರ್ ಕಡೆ ಉಳಿದವಳು ನಾನೊಬ್ಬಳೇ.

ಬೆಳಿಗ್ಗೆ ಜೆಸಿಬಿ ಬರುವ ಮೊದಲೇ ಸರ್ ಹಾರೆ ಹಿಡಿದು ನಿಂತಿದ್ದರು. "ಬಿಡ್ರಿ ಸರ್, ನಿಮ್ಮ ಕೈಲೆ ಬ್ಯಾಡ" ಎಂದು ತಡೆದೆ. "ಎಲ್ಲಾರೂ ಕೈ ಎತ್ಯಾರ, ಮುಗೀತು ತಂಗಿ" ಎಂದು ನನ್ನ ಕೈ ಬಿಡಿಸಿಕೊಂಡರು. ಮೊದಲ ಏಟು ಹಾಕಿ ಗಳಗಳನೆ ಅತ್ತರು. ಉಳಿದವರು ತಂತಮ್ಮ ಮುಖಗಳನ್ನು ತಾವೇ ಒಡೆದುಕೊಂಡರು.

ಆಮೇಲೆ ಸರ್ ಕುಂಚ ಮುಟ್ಟಲಿಲ್ಲ. ಕೆಲವೇ ತಿಂಗಳಲ್ಲಿ ಆಸ್ಪತ್ರೆ ಸೇರಿದರು. ನಾನು ಹೋದಾಗ, "ಅವರೆಲ್ಲಾ ಎಲ್ಲಿದ್ದಾರ?" ಎಂದು ಕೇಳಿದರು. ಊರಿಂದ ದೂರ, ತಳೇಗಾಂವದ ಆಚೆ ತಗಡಿನ ಶೆಡ್ಡುಗಳಲ್ಲಿದ್ದಾರೆ, ನೀರಿಲ್ಲ, ಮಾವಶಿಯ ವ್ಯಾಪಾರ ನಿಂತಿದೆ ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಸರ್ ನನ್ನತ್ತ ಹೊರಳಿದರು. "ಹಡಗ ಭಾಳ ಚಂದ ಬಂತು ತಂಗಿ. ಅದ ತಪ್ಪಾತು. ಊರಿಗೆ ಹಡಗ ಕಾಣಿಸ್ತು, ಮಂದಿ ಕಾಣಿಸಲಿಲ್ಲ."

ಹಾಗಲ್ಲ ಸರ್ ಎನ್ನಬೇಕಿತ್ತು, ಅವರ ಹೊದಿಕೆ ಸರಿಮಾಡಿ ಎದ್ದುಬಂದೆ. ಮರುದಿನ ತೀರಿಕೊಂಡರು.

ಈಗ ಗೋಡೆಗೆ ಚಿತ್ರ ಬರೆಯುವುದೇ ನನ್ನ ಹೊಟ್ಟೆಪಾಡು. ಅವರು ಕಲಿಸಿದ ವಿದ್ಯೆ. ದಾರಿಹೋಕರು ನಿಂತು ಚೆಂದ ಬಂದಿದೆ ಎಂದರೆ ನನಗೆ ಹೆದರಿಕೆಯಾಗುತ್ತದೆ.