ವೃತ್ತದ ಅಂಚಿನ ಮಸುಕು ನಕ್ಷತ್ರ

ಸೊಸೆ ಕೆಲಸಕ್ಕೆ ಹೊರಟು ಚಪ್ಪಲಿಗೆ ಕಾಲು ತೂರಿಸುವಾಗ ಅತ್ತೆಯದು ದಿನವೂ ಅದೇ ಪ್ರಶ್ನೆ.

"ಸಿಕ್ಕಿದನೇನೇ ನಿನ್ನ ಕಳ್ಳ?"

"ಸಿಕ್ಕಿದಾನೆ ಅಂತ ಆಫೀಸಲ್ಲಿ ಹೇಳ್ತಾರೆ ಅತ್ತೆ. ನನಗೇ ನಂಬಿಕೆ ಇಲ್ಲ."

"ಹಾಗಾದ್ರೆ ಪಾಪ, ಯಾರನ್ನೋ ಹಿಡ್ಕೊಂಡು ಕೂತಿದಾರೆ."

ಸೊಸೆ ಖಗೋಳ ಸಂಸ್ಥೆಯೊಂದರಲ್ಲಿ ಗುತ್ತಿಗೆಯ ಮೇಲಿದ್ದ ಸಂಶೋಧಕಿ. ಆಕಾಶದಿಂದ ಬರುವ ಗಾಮಾ ಕಿರಣಗಳನ್ನು ಉಪಗ್ರಹ ಹಿಡಿಯುತ್ತದೆ. ಆದರೆ ಅವು ಯಾವುದರಿಂದ ಬಂದವು ಎಂದು ಬೊಟ್ಟು ಮಾಡಲು ಅದಕ್ಕಾಗದು; ಇಲ್ಲೆಲ್ಲೋ ಎಂದು ಒಂದು ವೃತ್ತ ಬರೆದು ಕೈತೊಳೆದುಕೊಳ್ಳುತ್ತದೆ. ಆ ವೃತ್ತದೊಳಗಿನ ಚುಕ್ಕೆಗಳನ್ನೆಲ್ಲ ರೇಡಿಯೋ ತರಂಗಗಳಲ್ಲಿ, ಎಕ್ಸ್-ರೇಯಲ್ಲಿ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಜಾಲಾಡಿ ಅಸಲಿ ಆಸಾಮಿಯನ್ನು ಗುರುತಿಸುವುದು ಅವಳ ಕೆಲಸ.

ಆಫೀಸಿನ ಪದ್ಧತಿ ಬೇರೆ. ವೃತ್ತದಲ್ಲಿ ಯಾವುದು ರೇಡಿಯೋದಲ್ಲಿ ಎಲ್ಲಕ್ಕಿಂತ ಪ್ರಖರವೋ ಅದರ ಹೆಸರಿಗೆ ಬರೆದುಬಿಡುವುದು. ಬಹಳ ಸಲ ಅದು ಸರಿಯೂ ಆಗಿತ್ತು. ತೊಂದರೆ ಬಂದದ್ದೇ ಅದರಿಂದ. ಏನೇ ನಡೆದರೂ ಬೀದಿಯಲ್ಲಿ ಎದ್ದು ಕಾಣುವವನ ತಲೆಗೆ ಕಟ್ಟುವ ಜನರನ್ನು ನಾವೇನು ಕಂಡಿಲ್ಲವೇ?

ಈ ಸಲ ಅವಳ ಪಾಲಿಗೆ ಬಂದ ವೃತ್ತದಲ್ಲಿ ಗೆಲಾಕ್ಸಿಯೊಂದು ಥಳಥಳಿಸುತ್ತಿತ್ತು. ಅದರ ರೇಡಿಯೋ ಆಗಾಗ ಭುಗಿಲೆದ್ದು ತಣ್ಣಗಾಗುತ್ತಿತ್ತು. ಗಾಮಾ ಕಿರಣ ಅದರದೇ ಆಗಿದ್ದರೆ ಜೊತೆಗೇ ಏರಿಳಿಯಬೇಕಿತ್ತು; ಅದು ಮಾತ್ರ ಏರದೆ ಇಳಿಯದೆ ಒಂದೇ ಸಮ. ವೃತ್ತದ ಅಂಚಿನಲ್ಲಿ ಮಸುಕು ನಕ್ಷತ್ರವೊಂದಿತ್ತು, ಎಕ್ಸ್-ರೇಯಲ್ಲೂ ಅಲ್ಲೇ ಸಣ್ಣ ಮಿಣುಕು. ಅವಳ ಅನುಮಾನವೆಲ್ಲ ಅದರ ಮೇಲೆ. ಯಾವ ಕಿರಣ ಯಾವುದರದು ಎಂಬ ಪಟ್ಟಿ ಶುಕ್ರವಾರ ಅಂತಿಮವಾಗಲಿತ್ತು. ಆಮೇಲೆ ಆ ಕಡೆ ದೂರದರ್ಶಕ ತಿರುಗಿಸಲು ಯಾರೂ ಸಮಯ ಕೊಡುವುದಿಲ್ಲ.

"ನೋಡಮ್ಮಾ, ಗೆಲಾಕ್ಸಿ ಕಣ್ಣೆದುರಿಗೇ ಕೂತಿದೆ. ಮೂಲೇಲಿರೋದನ್ನ ಯಾಕೆ ಕೆದಕ್ತೀಯ?" ಎಂದರು ಮುಖ್ಯಸ್ಥರು.

"ಗೆಲಾಕ್ಸಿ ಕುಣಿದಾಗ ಗಾಮಾ ಕೂತಲ್ಲೇ ಕೂತಿರತ್ತೆ ಸರ್."

"ಒಂದೊಂದ್ಸಲ ಹಾಗೂ ಆಗತ್ತೆ."

"ಆಗಬಹುದು. ಆ ನಕ್ಷತ್ರಾನ ಒಂದ್ಸಲ ನೋಡಿಬಿಡೋಣ. ಅದು ಸುಮ್ನಿದ್ರೆ ನಾನೂ ಸುಮ್ನಾಗ್ತೀನಿ."

"ನೀನು ಸುಮ್ನಾಗೋದಾ?" ಮುಖ್ಯಸ್ಥರಿಗೆ ನಗು ಬಂತು. ಆದರೂ ತಮ್ಮ ಪಾಲಿನ ವೀಕ್ಷಣೆಯ ಸಮಯದಲ್ಲೇ ಒಂದು ತುಂಡು ಬಿಟ್ಟುಕೊಟ್ಟರು.

ಗುರುವಾರ ಬೆಳಿಗ್ಗೆ ಚಿತ್ರಗಳು ಬಂದವು. ಕೆಲವೇ ಗಂಟೆಗಳಲ್ಲಿ ನಕ್ಷತ್ರ ಬೆಳಗಿ, ಮಂಕಾಗಿ, ಮತ್ತೆ ಬೆಳಗಿತ್ತು. ಕಾಣದ ಜೊತೆಗಾರನೊಬ್ಬ ಅದರ ಒಂದು ಮಗ್ಗುಲನ್ನು ಸುಡುತ್ತಿರಬೇಕು; ಸುಟ್ಟ ಮಗ್ಗುಲು ನಮ್ಮತ್ತ ತಿರುಗಿದಾಗ ಬೆಳಕು, ಆಚೆ ತಿರುಗಿದಾಗ ಮಂಕು. ಸತ್ತ ನಕ್ಷತ್ರದ ಉಳಿಕೆಯಾಗಿ ಬುಗುರಿಯಂತೆ ತಿರುಗುವ ಪಲ್ಸಾರ್ ಹೀಗೆ ಸುಡುತ್ತದೆ. ಗಾಮಾ ಕಿರಣವನ್ನೂ ಒಂದೇ ಸಮ ಚೆಲ್ಲುತ್ತದೆ.

ಮುಖ್ಯಸ್ಥರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಪಲ್ಸಾರೇ ಅಂತ ಈಗಲೇ ಡಂಗುರ ಹೊಡೀಬೇಡ."

"ಇಲ್ಲ ಸರ್. ಅದು ತಿರುಗೋವಾಗ ಬರೋ ರೇಡಿಯೋ ಮಿಡಿತ ಸಿಗಬೇಕು. ದೊಡ್ಡ ರೇಡಿಯೋ ದೂರದರ್ಶಕದಲ್ಲಿ ಸಮಯ ಬೇಕು."

"ಅರ್ಜಿ ಬರಿ. ಮೊದಲ ಹೆಸರು ನಿಂದೇ ಇರಲಿ."

ಗುತ್ತಿಗೆಯವರ ಹೆಸರು 'ಮತ್ತಿತರರು' ಎಂಬುದರೊಳಗೆ ಕರಗಿಹೋಗುತ್ತಿದ್ದ ಸಂಸ್ಥೆ ಅದು. ಬೆವರು ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಏರ್ಪಾಟನ್ನು ಶಿಸ್ತು ಎಂದು ಕರೆಯುವ ಜಾಗಗಳಿಗೇನು ಬರ? ಅವಳು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಮುಖ್ಯಸ್ಥರು ಪಟ್ಟಿಯಿಂದ ಗೆಲಾಕ್ಸಿಯನ್ನು ತಾವೇ ಅಳಿಸಿ 'ಹುಡುಕಾಟದಲ್ಲಿದೆ' ಎಂದು ಹಾಕಿದರು.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿದರು, "ಕಳ್ಳ?"

"ಮನೆ ಸಿಕ್ಕಿದೆ ಅತ್ತೆ. ಒಳಗಿರೋನ ದನಿ ಇನ್ನೂ ಕೇಳ್ಬೇಕು."

"ಸುಮ್ಸುಮ್ನೆ ಹಿಡ್ಕೊಂಡಿದ್ರಲ್ಲ, ಅವನು?"

"ಇವತ್ತು ಬಿಟ್ರು."

"ಸದ್ಯ," ಎಂದು ಅತ್ತೆ ತಟ್ಟೆ ಹಾಕಲು ಎದ್ದರು.